ಉಲ್ಮಿನ ಸೋಮವಾರ

ಮೊನ್ನೆ ಬೈಲಹೊಂಗಲದ ಪೇಟೆಯಿಂದ ತಂದ ಮಸಾಲೆ ಸಾಮಾನನ್ನು ಡಬ್ಬಿಗಳಿಗೆ ತುಂಬುತ್ತಿದ್ದೆ. ಶಾಜೀರಿಗೆಯ ಪೊಟ್ಟಣ ಬಿಚ್ಚಿದ ಕೂಡಲೇ ಕೈ ಅಲ್ಲೇ ನಿಂತಿತು. ಹೊರಗೆ ಆಷಾಢದ ಜಿಟಿಜಿಟಿ ಮಳೆ. ಪಲಾವಿಗೆಂದು ತಂದಿದ್ದು ಹೌದು, ಆದರೆ ಮೂಗಿಗೆ ಬಂದದ್ದು ಪಲಾವಿನ ವಾಸನೆಯಲ್ಲ. ನಮ್ಮ ಹಳ್ಳಿಯ ಮನೆಯ ಒಲೆಯ ಮೇಲೆ, ದಪ್ಪ ತಳದ ಬೋಗುಣಿಯೊಳಗೆ, ಮುಚ್ಚಳದ ಮೇಲೆ ಕೆಂಡ ಹೊತ್ತುಕೊಂಡು ಬೇಯುತ್ತಿದ್ದ ಬ್ರೆಡ್ಡಿನ ವಾಸನೆ ಅದು. ಆ ಬ್ರೆಡ್ಡನ್ನು ಶಾಜೀರಿಗೆ ಹಾಕಿ ರೇಣಕ್ಕ ಮಾಡುತ್ತಿದ್ದರು. ನಮ್ಮ ಅತ್ತೆ ಅದಕ್ಕೆ ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು, "ರೊಟ್ಟಿಗೆ ಉಸರ ತುಂಬ್ಯಾರ ನೋಡ ಇವ್ರು" ಎಂದು ತಿನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯ ಹಳ್ಳಿಯೊಂದಕ್ಕೆ ನಾನು ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಕಸೂತಿ ಮತ್ತು ಹಾಡು ಕಲಿಸಿದ ಜರ್ಮನಿಯ ಸಿಸ್ಟರ್ ಒಬ್ಬರಿದ್ದರು. ಪ್ರತಿ ಕ್ರಿಸ್ಮಸ್ಸಿಗೆ ಅವರಿಗೊಂದು ಕಾರ್ಡು ಕಳಿಸುವುದನ್ನು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಸಿಸ್ಟರ್ ತೀರಿಕೊಂಡರು. ಅಕ್ಕನ ಸಮಾಧಿ ನೋಡಲು ಅವರ ತಂಗಿ ಬಂದರು. ಅಕ್ಕ ಪ್ರೀತಿಯಿಂದ ಹೇಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಒಂದಿಷ್ಟು ದಿನ ಇರಬೇಕೆಂದು ಅವರಿಗೆ ಆಸೆ. ಹಾಗೆ ರೇನಾಟ ಎಂಬ ಬಿಳಿ ಕೂದಲಿನ ಹೆಣ್ಣುಮಗಳು ಒಂದು ಸಂಜೆ ಕೆಸರಿನಲ್ಲಿ ಬೂಟು ಎತ್ತಿಡುತ್ತಾ ನಮ್ಮ ಅಂಗಳಕ್ಕೆ ಬಂದರು. ಎರಡೇ ದಿನಕ್ಕೆ ಓಣಿಯ ಹೆಂಗಸರ ಬಾಯಲ್ಲಿ ರೇಣಕ್ಕ ಆದರು.

ಅವರ ಊರು ಉಲ್ಮ್, ಡ್ಯಾನ್ಯೂಬ್ ನದಿಯ ದಂಡೆಗೆ. ಅಲ್ಲಿಯ ನಗರಸಭೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಇಂಗ್ಲಿಷಿನಲ್ಲಿ ಕೇಳಿ ಕನ್ನಡದಲ್ಲಿ ಹೇಳಬೇಕು, ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳಬೇಕು. ಅತ್ತೆಗೆ ಒಂದೂ ಮಾತು ಬಿಟ್ಟುಹೋಗಬಾರದು.

"ಹೊಳಿ ನಮ್ಮ ಮಲಪ್ರಭಾನಷ್ಟ ಐತೇನ ಕೇಳ, ಪ್ರಭಾ."

"ಇನ್ನೂ ದೊಡ್ಡದಂತ್ರಿ ಅತ್ತಿ."

"ಇರ್ಲಿ. ಅದರ ಮನಿ ಅದಕ್ಕ ದೊಡ್ಡದು."

ಅತ್ತೆಯ ಹೆಸರು ನೀಲಮ್ಮ. ಊರಿಗೆಲ್ಲ ಗೌಡ್ತಿ. ಆ ಮಳೆಗಾಲ ಅವರು ಒಂದು ಹೊಸ ಹುರುಪಿನಲ್ಲಿದ್ದರು. ನಮ್ಮ ಭಾಗದಿಂದ ಗ್ರಾಮ ಪಂಚಾಯ್ತಿಗೆ ಆರಿಸಿಬಂದಿದ್ದ ಹೆಣ್ಣುಮಗಳು ತೀರಿಕೊಂಡು, ಮಹಿಳೆಗೆಂದೇ ಇದ್ದ ಆ ಜಾಗ ಖಾಲಿ ಬಿದ್ದಿತ್ತು. ಮರುಚುನಾವಣೆ ಬಂತು. ಹಿರಿಯರು ಕೂತು ಅತ್ತೆಯ ಹೆಸರು ಹೇಳಿದರು. ಅತ್ತೆ ಮೇಲೆ ಮೇಲೆ ಬೇಡವೆಂದರು. ಆದರೆ ಮರುದಿನವೇ ಟ್ರಂಕಿನಿಂದ ಉಡದೇ ಇಟ್ಟಿದ್ದ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದರು. ನಸುಕಿನಲ್ಲಿ ಎಮ್ಮೆ ಹಿಂಡುತ್ತಾ, "ಸಭಾದಾಗ ಕೂಡಿದ ಎಲ್ಲಾ ಹಿರಿಯರಿಗೂ..." ಎಂದು ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಭಾಷಣ ಕಲಿಯುತ್ತಿದ್ದುದನ್ನು ನಾನು ಗೋದಲಿಯ ಈಚೆ ನಿಂತು ಕೇಳಿದ್ದೇನೆ. ಅವರಿಗೆ ಆ ಕುರ್ಚಿ ಬೇಕಾಗಿತ್ತು.

ಮಾವನವರಿಗೆ ಬೇಕಾದದ್ದು ಬೇರೆ. ನಮ್ಮ ಭಾಗದಲ್ಲಿ ಮತಗಟ್ಟೆ ತೆರೆಯಬಾರದು, ಅಷ್ಟೇ. ಒಂದೇ ಹೆಸರು, ಅವಿರೋಧ. "ನಮ್ಮ ಓಣಿ ಒಡದಿಲ್ಲ, ಒಡ್ಯಾಕ ಬಿಡೂದಿಲ್ಲ" ಎನ್ನುವಾಗ ಅವರ ದನಿಯಲ್ಲಿ ಜಂಬಕ್ಕಿಂತ ಹೆಚ್ಚಾಗಿ ಒಂದು ಭಯವಿತ್ತು ಅಂತ ಈಗ ಅನ್ನಿಸುತ್ತದೆ.

ಆದರೆ ಕೆಳಗಿನ ಓಣಿಯ ಗಂಗವ್ವ ಅರ್ಜಿ ಹಾಕಿಬಿಟ್ಟಳು. ಕಬ್ಬಿನ ಕಳೆ ತೆಗೆಯಲು ಹೋಗುವವಳು, ಮಾತು ಕಡಿಮೆ. ಯಾರಿಗೂ ಹೇಳದೆ ಗಂಡನನ್ನು ಕರೆದುಕೊಂಡು ಹೋಗಿ ಹಾಕಿ ಬಂದಿದ್ದಳು. ಶುಕ್ರವಾರ ಹಿರಿಯರು ಗಂಡಹೆಂಡತಿಯನ್ನು ಊರಿನ ಎಲ್ಲಮ್ಮನ ಗುಡಿಗೆ ಕರೆಸಿದರು. ಕೂಗಾಟವಿಲ್ಲ, ಬೈಗುಳವಿಲ್ಲ. "ತಂಗಿ, ಗೌಡ್ತಿ ಮುಂದ ನೀ ನಿಂದ್ರೂದು ಚಂದ ಕಾಣತೈತೇನ?" ಎಂದು ಮೆತ್ತಗೆ ಕೇಳಿದರು. ಎಲ್ಲಮ್ಮನ ಭಂಡಾರದ ತಟ್ಟೆ ಮುಂದೆ ಇಟ್ಟರು. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಗೌಡ್ತಿಯವರಿಗೆ ಎದುರು ನಿಲ್ಲುವುದಿಲ್ಲ ಎಂದು ಗಂಗವ್ವ ಆ ಅರಿಸಿನದ ಪುಡಿ ಮುಟ್ಟಿ ಆಣೆ ಮಾಡಿದಳು. ನಾವು ಮನೆಯ ಹೆಂಗಸರು, ಜೊತೆಗೆ ರೇಣಕ್ಕ, ಕಂಬದ ಪಕ್ಕ ನಿಂತಿದ್ದೆವು. ಗಂಗವ್ವನ ಹಸಿರು ಬಳೆಯೊಂದರ ಬಿರುಕಿನಲ್ಲಿ ಅರಿಸಿನ ಸಿಕ್ಕಿಕೊಂಡಿತ್ತು. ಇನ್ನೊಂದು ಕೈ ಸೆರಗಿನೊಳಗೆ ಮುಷ್ಟಿ ಕಟ್ಟಿತ್ತು. ಎಲ್ಲರಿಗೂ ತೆಂಗಿನ ಹೋಳು ಹಂಚಿದರು.

ದಾರಿಯಲ್ಲಿ ರೇಣಕ್ಕ, ಅಲ್ಲಿ ಆದದ್ದೇನು ಎಂದು ಕೇಳಿದರು. ಹೇಳಿದೆ. ಅರ್ಜಿ ಹಿಂದಕ್ಕೆ ಪಡೆಯುವ ಕೊನೆಯ ದಿನಕ್ಕೆ ಇನ್ನೂ ಸ್ವಲ್ಪ ಅವಧಿ ಇತ್ತು.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುತ್ತಾ ಕೂತಿದ್ದೆವು. ಮಾವನವರು ಹೊಲಕ್ಕೆ ಹೋಗಿದ್ದರು. ಅತ್ತೆ ರೇಣಕ್ಕನ ಮುಖವನ್ನೇ ನೋಡುತ್ತಿದ್ದರು.

"ನಿನ್ನಿಯಿಂದ ಮಾರಿ ಸಣ್ಣದ ಮಾಡಿಕೊಂಡಾರ. ಊಟ ಸೇರವಲ್ದೇನೋ. ಕೇಳ."

ಕೇಳಿದೆ. ಊಟದ್ದಲ್ಲ ಎಂದರು. ಒಂದು ಕಾಯಿ ಒಡೆದರು, ಕಾಳು ಮೊರಕ್ಕೆ ಹಾಕಿದರು, ಆಮೇಲೆ ತಮ್ಮ ಊರಿನ ಕಥೆ ಶುರುಮಾಡಿದರು. ನಾನು ಹೇಳುತ್ತಾ ಹೋದೆ.

ಬಹಳ ಹಿಂದೆ ಅವರ ಊರು ಯಾವ ರಾಜನ ಕೈಕೆಳಗೂ ಇರಲಿಲ್ಲವಂತೆ. ದೂರದ ಚಕ್ರವರ್ತಿಗೆ ಮಾತ್ರ ನಡೆದುಕೊಂಡು ತನ್ನ ಪಂಚಾಯ್ತಿ ತಾನೇ ಮಾಡಿಕೊಳ್ಳುತ್ತಿತ್ತು. ಆದರೆ ಆ ಪಂಚಾಯ್ತಿಯಲ್ಲಿ ಕೂರುವವರು ಕೆಲವೇ ದೊಡ್ಡ ಮನೆತನದವರು.

"ಗೌಡ್ರು ಅನ್ನ" ಎಂದರು ಅತ್ತೆ.

ಆ ಊರಿಗೆ ಹೆಸರು ತಂದದ್ದು ಮಾತ್ರ ನೇಕಾರರು. ಹತ್ತಿಗೆ ಅಗಸೆಯ ನಾರು ಬೆರೆಸಿ ನೇಯ್ದ ಅವರ ಬಟ್ಟೆ ದೇಶದೇಶಕ್ಕೆ ಹೋಗುತ್ತಿತ್ತು.

"ನಮ್ಮ ರಾಮದುರ್ಗದಾಂಗ."

ನೇಕಾರರು, ರೊಟ್ಟಿ ಸುಡುವವರು, ದೋಣಿಯವರು ಎಲ್ಲ ಸೇರಿ ನಮಗೂ ಜಾಗ ಬೇಕೆಂದು ಜಗಳ ಹೂಡಿದರು. ಕೊನೆಗೆ ರಾಜಿಯಾಗಿ, ಕಸುಬಿನವರಿಗೆ ಹೆಚ್ಚು ಜಾಗ ಸಿಕ್ಕಿತು. ಜೊತೆಗೆ ಒಂದು ಕಟ್ಟಳೆ. ಪ್ರತಿ ವರ್ಷ ಊರಿನ ಮೇಯರ್ ಎಲ್ಲ ಜನರ ಮುಂದೆ ನಿಂತು, ಬಡವರಿಗೂ ಸಾಹುಕಾರರಿಗೂ ಒಬ್ಬನೇ ಮನುಷ್ಯನಾಗಿ ಇರುತ್ತೇನೆ, ಮನಸ್ಸಿನಲ್ಲಿ ಏನೂ ಮುಚ್ಚಿಟ್ಟುಕೊಳ್ಳುವುದಿಲ್ಲ ಎಂದು ಪ್ರಮಾಣ ಮಾಡಬೇಕು.

"ಆಮ್ಯಾಲ?"

ಆಮೇಲೆ ಒಬ್ಬ ಚಕ್ರವರ್ತಿ ಬಂದು ಕಸುಬಿನವರನ್ನು ಇಳಿಸಿ ದೊಡ್ಡ ಮನೆತನಗಳನ್ನೇ ಮತ್ತೆ ಕೂರಿಸಿದ.

"ಮತ್ತ ಗೌಡ್ರ ಬಂದ್ರನ್ನ!" ಅತ್ತೆ ನಕ್ಕುಬಿಟ್ಟರು. ಗೌಡರ ಮನೆಯ ಪಡಸಾಲೆಯಲ್ಲೇ ಕೂತು ನಗುತ್ತಿದ್ದೇವೆಂದು ನನಗೂ ನಗು ಬಂತು.

ಮುಂದೆ ಊರು ದೊಡ್ಡ ಸಂಸ್ಥಾನಕ್ಕೆ ಸೇರಿಹೋಯಿತು. ಪ್ರಮಾಣವೂ ನಿಂತಿತು. ನೂರೈವತ್ತು ವರ್ಷದ ಹತ್ತಿರ ನಿಂತೇ ಇತ್ತು. ಅಷ್ಟರಲ್ಲಿ ರೇಣಕ್ಕನ ಬಾಲ್ಯ ಬಂತು. ಅವರ ತಂದೆ ಅಚ್ಚಿನ ಮೊಳೆ ಜೋಡಿಸುವ ಕೆಲಸದವರು, ನಗರಸಭೆಯ ಸದಸ್ಯರೂ ಆಗಿದ್ದರು. ಹಿಟ್ಲರನ ಪಕ್ಷ ಅಧಿಕಾರಕ್ಕೆ ಬಂದ ವರ್ಷ ಅವರನ್ನು ಸಭೆಯ ಬಾಗಿಲಲ್ಲೇ ನಿಲ್ಲಿಸಿ ಮನೆಗೆ ಕಳಿಸಿದರು. ಆಮೇಲೆ ಸದಸ್ಯರನ್ನು ಮೇಲಿನಿಂದಲೇ ಹೆಸರಿಸಿದರು. ಮತ ಹಾಕುವುದೇ ಇರಲಿಲ್ಲ. ಎಲ್ಲದಕ್ಕೂ ಒಂದೇ ಮಾತು. ಎದುರು ಯಾರೂ ಇಲ್ಲ.

ಇಷ್ಟು ಹೇಳಿ ರೇಣಕ್ಕ ಸಿಪ್ಪೆಯ ರಾಶಿಯಲ್ಲಿ ಬೆರಳಾಡಿಸಿದರು. ಯುದ್ಧದಲ್ಲಿ ಊರಿನ ಬಹುಭಾಗ ಬೂದಿಯಾಯಿತಂತೆ. ದೊಡ್ಡ ಚರ್ಚು ಮಾತ್ರ ನಿಂತಿತ್ತು. ಕಲ್ಲುಮಣ್ಣು ಬಳಿದು ಕೆಲವು ವರ್ಷವಾದ ಮೇಲೆ, ಹಳೆಯ ಆ ಪ್ರಮಾಣವನ್ನು ಊರು ಮತ್ತೆ ಶುರುಮಾಡಿತು. ಚೌಕದಲ್ಲಿ ತಂದೆಯ ಪಕ್ಕ ನಿಂತಿದ್ದ ರೇಣಕ್ಕನಿಗೆ ಮೇಯರನ ಮಾತು ಸರಿಯಾಗಿ ಕೇಳಿಸಲಿಲ್ಲ. ತಂದೆ ಟೊಪ್ಪಿಗೆ ತೆಗೆದು ಎದೆಗೆ ಒತ್ತಿ ಹಿಡಿದದ್ದು ಮಾತ್ರ ನೆನಪು.

"ಯಾವಾಗ ಮಾಡ್ತಾರಂತ?"

"ಜುಲೈ ತಿಂಗಳದಾಗ, ಒಂದು ಸೋಮವಾರ."

"ಶ್ರಾವಣ ಸೋಮಾರ ಅನ್ನ ಹಂಗಾರ!" ಎಂದ ಅತ್ತೆಯ ನಗು ಅಲ್ಲೇ ಆರಿತು. ಕೈಯಲ್ಲಿದ್ದ ಕಾಯಿ ಒಡೆಯದೆ ಹಾಗೇ ಹಿಡಿದರು. "ಅಲ್ಲೆ ಕುರ್ಚಿ ಮ್ಯಾಲ ಕುಂದ್ರಾವ ಮಂದಿಗೆ ಆಣಿ ಮಾಡ್ತಾನ. ಇಲ್ಲೆ ನಾ ಕುರ್ಚಿ ಮ್ಯಾಲ ಕುಂದ್ರಾಕ ಗಂಗವ್ವನ ಕಡೆ ಆಣಿ ಮಾಡಿಸ್ಯಾರ."

ಇದನ್ನು ಇಂಗ್ಲಿಷಿಗೆ ತರಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಂದಾಗ ರೇಣಕ್ಕ ತಲೆಯಾಡಿಸಿ, ಅತ್ತೆಯ ಮೊಣಕಾಲ ಮೇಲೆ ಕೈ ಇಟ್ಟರು.

ಸಂಜೆ ಮಳೆ ಹೊಳವಾದಾಗ ಅತ್ತೆ ನಮ್ಮಿಬ್ಬರನ್ನೂ ಕರೆದುಕೊಂಡು ಕೆಳಗಿನ ಓಣಿಗೆ ಹೋದರು. ಗಂಗವ್ವ ಗಾಬರಿಯಿಂದ ಕಂಬಳಿ ಹಾಸಿದಳು.

"ಬರೇ ನೆಲಕ್ಕ ಕುಂದ್ರ ಬ್ಯಾಡ್ರಿ ಅವ್ವಾರ, ತಂಪ ಐತಿ."

"ನಿನಗ ತಂಪ ಹತ್ತೂದಿಲ್ಲೇನ? ಗಂಗವ್ವಾ, ನೀ ಅರ್ಜಿ ಯಾಕ ಹಾಕಿದ್ದಿ? ಖರೇ ಹೇಳ. ನಾ ಸಿಟ್ಟಾಗೂದಿಲ್ಲ."

ಗಂಗವ್ವ ನನ್ನತ್ತ ನೋಡಿದಳು, ರೇಣಕ್ಕನತ್ತ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಹೇಳಿದಳು. ಹೆಣ್ಣುಮಕ್ಕಳು ಬಯಲಿಗೆ ಹೋಗುವ ಜಾಗ ಕೆರೆಯ ಹಿಂದೆ. ಮೊದಲು ಅಲ್ಲಿ ಕಳ್ಳಿಯ ಬೇಲಿ ಇತ್ತು. ಹೊಲ ನೆಟ್ಟಗೆ ಮಾಡಿ ಕಬ್ಬು ಹಚ್ಚುವಾಗ ಅದನ್ನು ಕಿತ್ತು ಹಾಕಿದರು.

"ಕಬ್ಬ ಎದಿಮಟ ಇರೂತನಕ ಮರೆ ಐತ್ರಿ. ಕಡದ ಮ್ಯಾಲ ಎಲ್ಲಾ ಬಟಾಬೈಲು. ಎಂ.ಕೆ. ಹುಬ್ಬಳ್ಳಿ ಸಕ್ರಿ ಫ್ಯಾಕ್ಟ್ರಿಗೆ ಹೋಗೂ ಲಾರಿ ಅಲ್ಲೇ ನಿಂದ್ರತಾವು. ನಮ್ಮ ಹುಡಿಗೇರು ಹೊತ್ತ ಮುಳುಗೂತನಕ ನೀರ ಕುಡಿಯೂದಿಲ್ರಿ ಅವ್ವಾರ. ಒಂದ ಗ್ವಾಡಿ ಕಟ್ಟಿಸಬೇಕಂತ ಅರ್ಜಿ ಹಾಕಿದ್ಯಾ. ಮತ್ತೇನಿಲ್ಲ."

ನಮ್ಮ ಮನೆಯ ಹಿತ್ತಲಿನಲ್ಲಿ ಸಂಡಾಸು ಕಟ್ಟಿಸಿ ವರ್ಷಗಳೇ ಆಗಿದ್ದವು. ಆ ಕಬ್ಬಿನ ಹೊಲ ಮಾವನವರ ತಮ್ಮನದು. ಅತ್ತೆ ಮೂಗುಬೊಟ್ಟನ್ನು ಎರಡು ಬಾರಿ ತಿರುಗಿಸಿದರು. ಯೋಚನೆಗೆ ಬಿದ್ದಾಗ ಹಾಗೆ ಮಾಡುತ್ತಿದ್ದರು.

"ಅರ್ಜಿ ಹಿಂದಕ್ಕ ತಗೀಬ್ಯಾಡ. ನಿಂದ್ರ. ನಾನೂ ನಿಂದರತೇನಿ. ಮಂದಿ ಯಾರಿಗೆ ಬೇಕೋ ಅವರಿಗೆ ಹಾಕ್ಲಿ."

"ಭಂಡಾರ ಮುಟ್ಟೇನ್ರಿ! ಮಕ್ಕಳ ಮರಿ ಅದಾವು. ನಾ ಮಾತ ತಪ್ಪೂದಿಲ್ಲ."

ಇದನ್ನು ದಾಟುವುದು ಸುಲಭವಲ್ಲ ಎಂದು ಅತ್ತೆಗೂ ಗೊತ್ತಿತ್ತು. ಎಲ್ಲಮ್ಮನ ಹೆಸರಿನ ಆಣೆಯನ್ನು ನೀನು ಮುರಿ ಎಂದು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಆದರೆ ಯಾರ ಸಲುವಾಗಿ ಆಣೆ ಇಡಿಸಿದ್ದಾರೋ ಅವರೇ ತಾಯಿಯ ಮುಂದೆ ನಿಂತು ಬಿಟ್ಟೆ ಅಂದರೆ ಅದು ಬಿಡುತ್ತದೆ ಎಂಬ ನಂಬಿಕೆ ಉಂಟು.

"ಹಂಗಾರ ಸವದತ್ತಿ ಗುಡ್ಡಕ್ಕ ಹೋಗೂಣು. ತಾಯೀನ್ನ ಕೇಳೂಣು."

ಅರ್ಜಿ ಹಿಂದಕ್ಕೆ ಪಡೆಯುವ ಕೊನೆಯ ದಿನವೇ ಹೋದೆವು. ಮಾವನವರಿಗೆ, ರೇಣಕ್ಕನಿಗೆ ಗುಡ್ಡ ತೋರಿಸಿಕೊಂಡು ಬರುತ್ತೇವೆ ಎಂದಷ್ಟೇ ಹೇಳಿದ್ದು. ಗಂಗವ್ವ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನಮ್ಮ ಜೊತೆಗೂಡಿದಳು. ಗುಡ್ಡದ ಮೇಲೆ ಮೋಡ ಕೈಗೆ ಸಿಗುವಷ್ಟು ಕೆಳಗಿತ್ತು. ಒದ್ದೆ ಕಲ್ಲಿನ ಮೇಲೆಲ್ಲ ಅರಿಸಿನದ ಕೆಸರು. ರೇಣಕ್ಕನ ಬಿಳಿಯ ಕಾಲುಚೀಲ ಹಳದಿಯಾಗಿತ್ತು. "ಉದೋ ಉದೋ" ಎಂಬ ಕೂಗಿನ ನಡುವೆ ಅತ್ತೆ ಗಂಗವ್ವನ ಕೈ ಹಿಡಿದು ಒಳಗೆ ಹೋದರು. ತಟ್ಟೆಯಲ್ಲಿ ಭಂಡಾರ ಒಪ್ಪಿಸಿ, ಪಕ್ಕದವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಯವ್ವಾ ತಾಯೀ, ಈಕಿ ನನ್ನ ಸಲುವಾಗಿ ಆಣಿ ಇಟ್ಟಾಳ. ನಾ ಕೇಳಿರಲಿಲ್ಲ, ಆದ್ರ ಬ್ಯಾಡ ಅಂತನೂ ಅನ್ನಲಿಲ್ಲ. ಈಗ ನಾನ ಬಿಡಸೇನಿ. ತಪ್ಪ ಇದ್ರ ನನ್ನ ಉಡ್ಯಾಗ ಹಾಕ, ಈಕಿ ಮಕ್ಕಳನ್ನ ಮುಟ್ಟಬ್ಯಾಡ."

ಗಂಗವ್ವ ಅಳುತ್ತಿದ್ದಳು. ಆ ಮಾತಿಗೆ ಮಾತ್ರ ರೇಣಕ್ಕನಿಗೆ ನನ್ನ ಇಂಗ್ಲಿಷು ಬೇಕಾಗಲಿಲ್ಲ.

ಹೊರಗೆ ಛತ್ರದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ರೇಣಕ್ಕನ ಶಾಜೀರಿಗೆಯ ಬ್ರೆಡ್ಡು. ನನ್ನ ಕೈಗಡಿಯಾರದಲ್ಲಿ ಮೂರು ಗಂಟೆಯಾಯಿತು. ಅರ್ಜಿ ಹಿಂದಕ್ಕೆ ಪಡೆಯಲು ಕೊನೆಯ ಹೊತ್ತು ಅದೇ. ಅಲ್ಲಿ ಪಂಚಾಯ್ತಿ ಕಚೇರಿಯ ಮುಂದೆ ಮಾವನವರು ಗಂಗವ್ವನ ದಾರಿ ಕಾಯುತ್ತಾ ನಿಂತಿರುತ್ತಾರೆ. ಇಲ್ಲಿ ಗಂಗವ್ವ ಬ್ರೆಡ್ಡು ಕಚ್ಚಿ, "ಇದಕ್ಕ ಉಪ್ಪ ಕಡಿಮಿ ಆಗೇತ್ರಿ ರೇಣಕ್ಕಾರ" ಎನ್ನುತ್ತಿದ್ದಳು.

ಮನೆಗೆ ಬಂದಾಗ ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಗುಡ್ಡ ನೋಡಿದ್ರ್ಯಾ?"

"ನೋಡಿದ್ವಿ. ಆಣಿ ಬಿಡಿಸಿಕೊಂಡ ಬಂದ್ವಿ."

"ಊರ ಮುಂದ ನನ್ನ ಮಾತ ಹೋತು, ನೀಲಾ." ಮಾವನವರು ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೊಂದೇ ಸಲ.

ಅತ್ತೆ ಅವರ ಪಕ್ಕದಲ್ಲಿ, ಒಂದು ಮೊಳ ಬಿಟ್ಟು ಕೂತರು. "ನಿಮ್ಮ ಮಾತ ಎಲ್ಲೂ ಹೋಗಿಲ್ಲ. ಓಟ ಹಾಕಿದ್ರ ಓಣಿ ಒಡಿಯೂದಿಲ್ರಿ. ಆಕಿ ಬಾಯಿ ಮುಚ್ಚಿಸಿ ನಾ ಕುಂತ್ರ, ಅದ ಒಡದಂಗ. ಗೆದ್ರ ಗೆದ್ದೇನಿ ಅಂತ ಕುಂದರತೇನಿ."

"ಸೋತ್ರ?"

"ಸೋತ್ರ ಮನ್ಯಾಗ ಕುಂದರತೇನಿ. ನಮ್ಮನ್ಯಾಗ ಕುರ್ಚಿ ಇಲ್ಲೇನ?"

ಮಾವನವರು ನಗಲಿಲ್ಲ. ಆದರೆ ಚಪ್ಪಲಿ ಬಿಟ್ಟರು.

ಅತ್ತೆಗೆ ಬಾಚಣಿಕೆಯ ಗುರುತು ಬಂತು, ಗಂಗವ್ವನಿಗೆ ಹೊಲಿಗೆ ಯಂತ್ರ. ಅತ್ತೆ ಮನೆಮನೆಗೆ ಹೋಗಿ ನಿಜವಾಗಿಯೇ ಮತ ಕೇಳಿದರು. ಎಮ್ಮೆಗೆ ಹೇಳಿದ್ದ ಭಾಷಣವನ್ನು ಎರಡು ಕಡೆ ಮಾಡಿದರು. ಗೋಡೆ ನಾನೂ ಕಟ್ಟಿಸುತ್ತೇನೆ ಎಂದೂ ಹೇಳಿದರು. ಕೆಳಗಿನ ಓಣಿಯ ಒಬ್ಬ ಮುದುಕಿ, "ಬಾಚಣಕಿ ನಮ್ಮನ್ಯಾಗ ಐತ್ರಿ ಗೌಡ್ತಿ. ಹೊಲಿಗಿ ಮಷೀನ್ ಇಲ್ಲ. ಇಲ್ಲದ್ದಕ್ಕ ಹಾಕತೇವಿ ಏನ ತಪ್ಪ ತಿಳೀಬ್ಯಾಡ್ರಿ" ಎಂದಾಗ ಅತ್ತೆ ನಕ್ಕರು. ಆಷಾಢದ ಮಳೆಯಲ್ಲಿ ಜನ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಶಾಲೆಯ ಮುಂದೆ ಸಾಲುಗಟ್ಟಿ ನಿಂತರು. ಮತಗಟ್ಟೆ ತೆರೆಯಿತು, ಮುಚ್ಚಿತು. ಓಣಿ ಇದ್ದಲ್ಲೇ ಇತ್ತು.

ಅತ್ತೆ ಸೋತರು. ಅಂತರ ದೊಡ್ಡದೇನಿರಲಿಲ್ಲ.

ಆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾವನವರು, "ನಾ ಬಾಚಣಕಿಗೆ ಹಾಕೇನಿ" ಎಂದರು, ಯಾರೋ ಅನುಮಾನಪಟ್ಟಿದ್ದಾರೆ ಎಂಬಂತೆ.

"ನಾ ಮತ್ತೇನ ಮಷೀನ್‌ಗೆ ಹಾಕೇನೇನ್ರಿ?" ಎಂದರು ಅತ್ತೆ. ಆಮೇಲೆ ಒಳಗೆ ಹೋಗಿ ಟ್ರಂಕಿನ ಮುಂದೆ ಸ್ವಲ್ಪ ಹೊತ್ತು ಬೆನ್ನು ಮಾಡಿ ಕೂತರು. ನಾನು ಒಳಗೆ ಹೋಗಲಿಲ್ಲ. ಹಾಲು ಕಾಯಿಸಿದೆ, ಉಕ್ಕಲು ಬಿಡದೆ ಊದುತ್ತಾ ನಿಂತೆ.

ಶ್ರಾವಣದ ಮೊದಲ ಸೋಮವಾರ ಅದೇ ಇಳಕಲ್ ಸೀರೆ ಉಟ್ಟು ಹೊರಗೆ ಬಂದರು. "ಸೋತಾಕಿ ಹೊಸಾ ಸೀರಿ ಉಡಬಾರದಂತ ಯಾರ ಹೇಳ್ಯಾರ? ನಡೀರಿ." ಕಚೇರಿಯಲ್ಲಿ ಗಂಗವ್ವ ಅಧಿಕಾರಿ ಓದಿಸಿದ ಪ್ರಮಾಣವಚನ ಓದಿ ಆಗಿತ್ತು. ಅದು ಸರಕಾರದ್ದು, ನಮಗೊಂದು ಬೇರೆ ಬೇಕು ಎಂದು ಅತ್ತೆ ಆಕೆಯನ್ನು ಬಸವಣ್ಣನ ಕಟ್ಟೆಗೆ ಕರೆಸಿದ್ದರು. ಓಣಿಯ ಹೆಂಗಸರೆಲ್ಲ ಸೇರಿದರು. ಪಂಚಮಿಗೆಂದು ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯಿಂದ ಮಕ್ಕಳು ಇಳಿದು ನಿಂತರು. ಗಂಡಸರು ದೂರದಲ್ಲಿ, ಕೊಡೆಯ ಕೆಳಗೆ.

ರೇಣಕ್ಕ ಬಲಗೈ ಎತ್ತಿ ತೋರಿಸಿದರು. ಗಂಗವ್ವ ಎತ್ತಿದಳು. ಉಲ್ಮಿನ ಮಾತನ್ನು ನಾನು ಎರಡು ಸಲ ಹೇಳಿಕೊಟ್ಟಿದ್ದೆ. ಆಕೆ ಅದನ್ನು ಬಿಟ್ಟು ತನ್ನದೇ ಹೇಳಿದಳು:

"ಇದ್ದವರಿಗೊಂದ, ಇಲ್ಲದವರಿಗೊಂದ ಮಾಡೂದಿಲ್ರಿ. ಎಲ್ಲಾರಿಗೂ ಒಬ್ಬಾಕಿನ ಗಂಗವ್ವ ಆಗಿರತೇನಿ. ಹೊಟ್ಟ್ಯಾಗೊಂದ ಬಾಯಾಗೊಂದ ಇಟಗೊಳ್ಳೂದಿಲ್ಲ."

"ಮುಂದಿನ ಶ್ರಾವಣಕ್ಕ ಮತ್ತ ಹೇಳಬೇಕ ನೋಡ ಬೇ" ಎಂದರು ಅತ್ತೆ. "ವರ್ಷಾವರ್ಷಾ ಹೇಳಬೇಕು. ರೇಣಕ್ಕನ ಊರಾಗ ಹಂಗ ಐತಿ."

ರೇಣಕ್ಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮಳೆಗೆ ಒದ್ದೆಯಾಗಿತ್ತು ಎಂದರು. ನಾನು ನಂಬಿದಂತೆ ತಲೆಯಾಡಿಸಿದೆ. ದೂರದಲ್ಲಿ ಮಾವನವರು ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮಳೆ ನಿಂತಿರಲಿಲ್ಲ.

ಆ ವಾರವೇ ರೇಣಕ್ಕ ಹೊರಟರು. ಉಳಿದ ಶಾಜೀರಿಗೆಯನ್ನು ಅತ್ತೆಗೆ ಕೊಟ್ಟು ಹೋದರು.

ಗೋಡೆಗೆ ಜಾಗ ಬಿಡಲು ಮಾವನವರ ತಮ್ಮ ಒಪ್ಪಲಿಲ್ಲ. ಮಾವನವರೇ ಒಂದು ಮುಂಜಾನೆ ಅವರನ್ನು ಆ ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ, ಅಣ್ಣತಮ್ಮಂದಿರು ಬರುವಾಗ ಇಬ್ಬರ ತಲೆಯೂ ಬಗ್ಗಿತ್ತು. ಕಬ್ಬು ಕಡಿಯಲು ತೊಡಗುವ ಮೊದಲೇ ಗೋಡೆ ಎದ್ದಿತು. ಉದ್ಘಾಟನೆಗೆ ದೊಡ್ಡವರನ್ನು ಕರೆಸೋಣ ಎಂದರು ಕೆಲವರು. ಗಂಗವ್ವ ನೇರ ನಮ್ಮ ಹಿತ್ತಲಿಗೆ ಬಂದಳು.

"ನೀವ ಬರ್ರಿ ಅವ್ವಾರ."

"ನಮ್ಮನ್ಯಾಗ ಸಂಡಾಸ ಐತಲ್ಲ ಬೇ."

"ಅದಕ್ಕ ಬರ್ರಿ ಅನ್ನಾಕ ಹತ್ತೇನಿ. ನಾ ಎಲ್ಲಾರಿಗೂ ಒಬ್ಬಾಕಿ ಅಂತ ಹೇಳೇನಿ. ನೀವೂ ಒಂದ ದಿನ ಎಲ್ಲಾರ ಗತೆ ಬರ್ರಿ."

ಮರುದಿನ ನಸುಕಿನಲ್ಲಿ, ಚಳಿಗೆ ಕೌದಿ ಹೊದ್ದು, ಚಂಬು ಹಿಡಿದು ಅತ್ತೆ ಕೆಳಗಿನ ಓಣಿಯ ಹೆಂಗಸರ ಜೊತೆ ಹೋದರು. ಕಾನ್ವೆಂಟಿನಲ್ಲಿ ಬೆಳೆದ ನಾನು ನಾಚಿ ಕೆರೆಯ ತಿರುವಿನಲ್ಲೇ ಉಳಿದೆ. ಕೆರೆಯ ಮೇಲೆ ಮಂಜು. ಗೋಡೆಯ ಆಚೆಯಿಂದ ಹೆಂಗಸರ ನಗು ಕೇಳುತ್ತಿತ್ತು, ಯಾವ ಅಂಜಿಕೆಯೂ ಇಲ್ಲದ ನಗು.

ಆ ವರ್ಷದ ಕ್ರಿಸ್ಮಸ್ ಕಾರ್ಡು ಉಲ್ಮಿಗೆ ಹೋಗಬೇಕಿತ್ತು. ಈ ಉದ್ಘಾಟನೆಯನ್ನು ಮರ್ಯಾದೆಯ ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ ಎಂದು ಪೆನ್ನು ಕಚ್ಚುತ್ತಾ ಕೂತೆ. ಕೊನೆಗೆ, ಅಂದು ತಿರುವಿನಲ್ಲಿ ಖಾಲಿ ಚಂಬು ಹಿಡಿದು ಬಂದ ಅತ್ತೆ ನನಗೆ ಹೇಳಿದ್ದನ್ನೇ ಬರೆದೆ:

"ಗ್ವಾಡಿ ಬರೋಬ್ಬರಿ ಐತಿ ಪ್ರಭಾ. ಕುಂತ್ರ ಆಕಾಶ ಅಷ್ಟ ಕಾಣತೈತಿ."